ಬೀಳು ವರ್ಷ

ಜೂನ್ ಒಂದರಿಂದ ಮೇ ಮೂವತ್ತೊಂದು.
ಆದೇಶದಲ್ಲಿ ಹಾಗೇ ಇದೆ: ಅಧ್ಯಯನ ರಜೆ, ಪೂರ್ಣ ವೇತನ ಸಹಿತ.
ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂದು
ಮೋಶೆಯ ಕಾಲದ ಕಟ್ಟಳೆ.
ನನಗೆ ಹದಿನೆಂಟು ವರ್ಷ ಬಿತ್ತಿದ ಮೇಲೆ ಸಿಕ್ಕಿತು.

ಕಲಿಸುವುದು ದೈವಶಾಸ್ತ್ರ.
ಬಲಿಪೀಠದ ಮೆಟ್ಟಿಲು ಹತ್ತಲಿರುವ ಹುಡುಗರಿಗೆ
ಹತ್ತಲಾಗದವಳು ಹೇಳುವ ಪಾಠ.

ಮುದಗಲ್ಲಿನಲ್ಲಿ ಕೋಟೆಯ ಮಗ್ಗುಲಿಗೆ ಒಂದು ಕೋಣೆ ಹಿಡಿದೆ.
ಕಿಟಕಿಯಾಚೆ ಬಂಡೆ, ಬಂಡೆಯಾಚೆ ಕಂದಕದ ಪಾಚಿನೀರು.
ಮೇಜಿನ ಮೇಲೆ ಅಜ್ಜಿಯ ಅಣ್ಣ, ಉಪದೇಶಿ ಚವರಪ್ಪನ
ಕೈಬರಹದ ಜಪದ ಪುಸ್ತಕ.
ಅಂಚಿನಲ್ಲೆಲ್ಲ ಲೆಕ್ಕ: ಎರಡು ಸೇರು ಜೋಳ, ಉಪ್ಪು,
ದೀಪದೆಣ್ಣೆ, ಹಾಲಿ ರೂಪಾಯಿ ಒಂದು ಬಾಕಿ.
ನಡುವೆ, ಮಸಿ ಕಂದಾಗಿ,
"ಸರ್ವೇಶ್ವರಾ, ನಿಮ್ಮ ಮನೆಯ ಬಾಗಿಲು"
ಅಲ್ಲಿಂದ ಮುಂದೆ ಗೆದ್ದಲು.

ಆ ಗೆದ್ದಲಿನ ಬಗ್ಗೆ ಮನಿಲಾದಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ.
ನೈರೋಬಿಯಲ್ಲಿ ಹದಿನೈದು, ಕರೆಂಟು ಹೋಯಿತು.
ಲೂವೆನ್ನಿನಲ್ಲಿ ಇಪ್ಪತ್ತೈದು.
ಇಲ್ಲದ ಸಾಲೇ ದೇವರ ಮೌನವಲ್ಲವೇ ಎಂದರು
ಬಿಳಿ ಗಡ್ಡದವರೊಬ್ಬರು. ಹೌದೆಂದೆ.
ಚಪ್ಪಾಳೆ ಬಂತು.
ಕೊರಳಲ್ಲಿ ತೂಗಿದ ಚೀಟಿಯ ಮೇಲೆ ಇನ್ನಾಸಮ್ಮ ಎಂಬುದನ್ನು
ಒಂದೊಂದು ಊರಲ್ಲಿ ಒಂದೊಂದು ಕಡೆ ಮುರಿದಿದ್ದರು.
ಹಿಮ ಬಿದ್ದ ಬೀದಿಯಲ್ಲಿ ನಡೆಯುವಾಗ
ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ ಇನ್ನೂ ಇದೆ
ಎಂಬುದಷ್ಟೇ ನನ್ನ ವಿಶ್ವಾಸಪ್ರಮಾಣ.

ರಾಯಮ್ಮನಿಗೆ ಎಂಬತ್ತು ದಾಟಿದೆ. ಗುಡಿಯ ಕಸ ಗುಡಿಸುತ್ತಾಳೆ,
ಅವಳು ಚರ್ಚು ಅನ್ನುವುದಿಲ್ಲ.
"ಅಷ್ಟು ದೂರ ಯಾಕ ಹೋಗಿದ್ದಿ ಬೇ?"
"ಒಂದು ಸಾಲು ಇಲ್ಲ ಅಂತ ಹೇಳಾಕ."
"ಯಾವ ಸಾಲು?"
ಓದಿದೆ, ಗೆದ್ದಲಿನವರೆಗೆ.
"ಯಾಕಿಲ್ಲ? ನನಗ ಬರತೈತಿ."

ಫೋನು ತೆಗೆದು, ರೆಕಾರ್ಡು ಒತ್ತಿ, ಬಾಯಿಯ ಮುಂದೆ ಹಿಡಿದೆ.
ಕಸಬರಿಗೆಯ ತುದಿಯಿಂದ ಅದನ್ನು ಸರಿಸಿದಳು.
"ಸಾಯೋರ ಕಿವ್ಯಾಗ ಅನ್ನೋದು ಅದು.
ಸುಮ್ಮಸುಮ್ಮನ ಅಂದ್ರ ಯಾರು ಹೋಗಬೇಕು,
ನೀನಾ?"

ಮುಂದಿನದನ್ನು ಯಾವ ಪ್ರಬಂಧದಲ್ಲೂ ಬರೆದಿಲ್ಲ.
ನಾನು ಕಾಯತೊಡಗಿದೆ.
ಓಣಿಯಲ್ಲಿ ಯಾರ ಕೆಮ್ಮು ಎಷ್ಟು ಒಣಗಿದೆ,
ಯಾರು ಈ ಭಾನುವಾರ ಪೂಜೆಗೆ ಬರಲಿಲ್ಲ,
ಯಾರ ಮನೆ ಮುಂದೆ ಮಗಳ ಚಪ್ಪಲಿ ಬಂದು ಬಿದ್ದಿವೆ
ಎಲ್ಲ ನೋಡಿಟ್ಟುಕೊಂಡೆ,
ಹದ್ದಿನ ಹಾಗೆ, ಟಿಪ್ಪಣಿಪುಸ್ತಕ ಚೀಲದಲ್ಲಿ.

ಮಾರ್ಚಿನಲ್ಲಿ ದರ್ಜಿ ಅಂತೋಣಪ್ಪ.
ಹೊಲಿಗೆಯಂತ್ರವನ್ನು ಹೊರಗಿಟ್ಟು ಜಾಗ ಮಾಡಿದ್ದರು.
ರಾಯಮ್ಮ ಬಂದಳು, ಸೆರಗಿಗೆ ಕೈ ಒರೆಸಿಕೊಂಡು ಬಾಗಿದಳು.
ನಾನು ಬಾಗಿಲಿನಿಂದ ಒಳಗೆ, ಇನ್ನೂ ಒಳಗೆ.
ಆಗ ಅವನ ಹೆಂಡತಿ, ನಾನು ಯಾರೆಂದು ಗೊತ್ತಿಲ್ಲದವಳು,
"ಕಾಲ್ ಹಿಡಕೊ ಯವ್ವಾ, ತಣ್ಣಗಾಗಾಕತ್ತಾವ" ಅಂದಳು.

ಹಿಡಿದುಕೊಂಡೆ.
ಪೆಡಲು ತುಳಿದು ತುಳಿದು ಚಪ್ಪಟೆಯಾದ ಪಾದ,
ಹೆಬ್ಬೆರಳ ಉಗುರಿಗೆ ಹಳೆಯ ಸೂಜಿಯ ಕರೆ.
ಉಜ್ಜಿದೆ. ಉಜ್ಜುತ್ತಲೇ ಇದ್ದೆ.
ಆ ತುದಿಯಲ್ಲಿ ಪಿಸುಮಾತು ಮುಗಿದದ್ದು
ಅಳು ಶುರುವಾದಾಗ ಗೊತ್ತಾಯಿತು.
ಎರಡೇ ಪದ ದಾಟಿ ಬಂದಿದ್ದವು: "ಕಟ್ಟಿ ಮ್ಯಾಲ".
ಬಾಗಿಲ ಮುಂದಿನ ಕಟ್ಟೆಯ ಮೇಲೆ
ಯಾರು ಕೂತಿದ್ದಾರೆ, ಎಷ್ಟು ಹೊತ್ತಿನಿಂದ,
ಅವನೋ ನಾವೋ, ತಿಳಿಯಲಿಲ್ಲ.

ಮೇ ಕೊನೆಗೆ ವರದಿಯ ನಮೂನೆ.
ಮಂಡಿಸಿದ ಪ್ರಬಂಧಗಳು: ಮೂರು.
ಪ್ರಯಾಣ ವೆಚ್ಚ: ರಸೀದಿ ಲಗತ್ತಿಸಿದೆ.
ಕೊನೆಯ ಕಾಲಮ್ಮು ಫಲಿತಾಂಶ;
ಅಲ್ಲಿ ಎರಡು ಸೇರು ಜೋಳ, ಉಪ್ಪು ಎಂದು ಬರೆದು
ಹೊಡೆದುಹಾಕಿ, ಇನ್ನೊಂದು ಪ್ರತಿ ತೆಗೆದೆ.

ಲಿಂಗಸುಗೂರಿನ ಬಸ್ಸಿಗೆ ಕಳಿಸಲು ರಾಯಮ್ಮ ಬಂದಿದ್ದಳು,
ಚೀಲ ತಾನೇ ಹೊತ್ತು.
"ನಿನಗ ಯಾರು ಅಂತಾರ, ರಾಯಮ್ಮ, ಆ ಸಾಲು?"
ಕಂಡಕ್ಟರ್ ಸೀಟಿ ಊದಿದ.
ಕಿಟಕಿಯ ಸರಳು ಹಿಡಿದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು,
"ಚಿಲ್ಲರ ಇಟ್ಕೊಂಡೀಯಿಲ್ಲೊ" ಅಂದಳು.